ಕೊಳಚೆ ನೀರಿನ ಸಾರಜನಕವೂ ಕಲ್ಲಿನ ಮೇಲಣ ಲೋಳೆಯೂ

ಕೆರೆಯ ಕೋಡಿಯ ಕಲ್ಲುಗಳ ಮೇಲೆ ಕಾಲು ಜಾರಿಸುವ ಲೋಳೆಯು ಅಂಟಿಕೊಂಡಿರುವುದು ಎಲ್ಲರಿಗೂ ತಿಳಿದೇ ಇದೆ. ಇದು ಅಸಂಖ್ಯ ಸೂಕ್ಷ್ಮಜೀವಿಗಳ ನಿವಾಸವು. ಪಟ್ಟಣದ ಕೊಳಚೆ ನೀರಿನಿಂದ ಸಾರಜನಕವನ್ನು ತೆಗೆಯುವ ಒಂದು ಮುಖ್ಯ ಕ್ರಮವು ಇಂತಹ ಲೋಳೆಯನ್ನೇ ಆಶ್ರಯಿಸಿರುತ್ತದೆ. 2018ನೆಯ ಇಸವಿಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹಾಯಿಸಲಾರಂಭಿಸಿದುದರಿಂದ, ಈ ವಿಷಯವು ಹಿಡುವಳಿದಾರರಿಗೆ ದೂರದ್ದಲ್ಲ.

1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಫ್ರೆಂಚ್ ಶಾಸ್ತ್ರಜ್ಞರು ಮರಳನ್ನೂ ಸುಣ್ಣಕಲ್ಲನ್ನೂ ತುಂಬಿದ ಕೊಳವೆಯ ಮೂಲಕ ಕೊಳಚೆಯನ್ನು ಮೆಲ್ಲನೆ ಇಳಿಸಿದರು. ಸುಮಾರು 20 ದಿವಸಗಳವರೆಗೆ ಅಮೋನಿಯವು ಹಾಗೆಯೇ ಹೊರಬಿದ್ದಿತು. ಅನಂತರ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೋಫಾರ್ಮಿನ ಆವಿಯನ್ನು ಬಿಟ್ಟಕೂಡಲೆ ಆ ಕಾರ್ಯವು ನಿಂತುಹೋಯಿತು. ಇದು ಜೀವಿಗಳ ಕೆಲಸವೆಂಬುದು ಹೀಗೆ ಸಿದ್ಧವಾಯಿತು.

ಈ ಜೀವಿಗಳು ಬಹು ನಿಧಾನವಾಗಿ ವೃದ್ಧಿಹೊಂದತಕ್ಕವು. ನೀರಿನಲ್ಲಿ ತೇಲಿದರೆ ಕೊಚ್ಚಿಹೋಗುವುವು, ಅಂಟಿಕೊಂಡರೆ ಉಳಿಯುವುವು. ನಾರ್ವೆ ದೇಶದಲ್ಲಿ 1980ರ ದಶಕದ ಕೊನೆಯಲ್ಲಿ, ತೊಟ್ಟಿಯೊಳಗೆ ಚಲಿಸುವ ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಲೋಳೆಯನ್ನು ಬೆಳೆಸುವ ಕ್ರಮವನ್ನು ಕಂಡುಹಿಡಿದುದು ಇದೇ ಕಾರಣದಿಂದ. ಗಾಳಿಯೂದುವ ತೊಟ್ಟಿಯಲ್ಲಿ ಅಮೋನಿಯವು ನೈಟ್ರೇಟಾಗುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಬೇರೆ ಜೀವಿಗಳು, ಕೊಳೆಯುವ ವಸ್ತುವನ್ನು ಆಹಾರವಾಗಿ ಪಡೆದು, ನೈಟ್ರೇಟಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತವೆ. ಸಾರಜನಕವು ಅನಿಲವಾಗಿ ಆಕಾಶವನ್ನು ಸೇರುತ್ತದೆ. ರಂಜಕವಾದರೋ ಹೀಗೆ ಹಾರಿಹೋಗತಕ್ಕದ್ದಲ್ಲ. ಅದನ್ನು ಪಟಿಕ ಅಥವಾ ಕಬ್ಬಿಣದ ಲವಣದಿಂದ ಮಡ್ಡಿಯಾಗಿ ಇಳಿಸುವುದು ವಾಡಿಕೆ.

ಗೊಬ್ಬರದ ಸತ್ವವನ್ನು ಗಾಳಿಗೆ ಬಿಡುವುದು ನಷ್ಟವಲ್ಲವೆ ಎಂದು ಬೇಸಾಯಗಾರನು ಕೇಳುವುದು ನ್ಯಾಯವೇ. ಲೀಟರಿಗೆ 20 ಮಿಲಿಗ್ರಾಂ ಸಾರಜನಕವುಳ್ಳ ನೀರನ್ನು ಎಕರೆಗೆ 1 ಅಂಗುಲ ಹಾಯಿಸಿದರೆ ಸುಮಾರು 2 ಕಿಲೋಗ್ರಾಂ ಸಾರಜನಕವು ಭೂಮಿಗೆ ಬೀಳುತ್ತದೆ. ಇಂತಹ 20 ಅಂಗುಲಕ್ಕೆ 40 ಕಿಲೋಗ್ರಾಂ ಆಯಿತು! ಇದನ್ನು ಲೆಕ್ಕಕ್ಕೆ ಹಿಡಿಯದೆ ಯೂರಿಯವನ್ನೂ ಎಂದಿನಂತೆ ಹಾಕುವವನ ಬತ್ತವು ಸೊಕ್ಕಿ ಬೆಳೆದು, ಮಲಗಿ, ಜೊಳ್ಳಾಗುವ ಸಂಭವವುಂಟು.

ಆದರೆ ಅದೇ ಸತ್ವವು ಕೆರೆಯಲ್ಲಿ ನಿಂತರೆ ಪಾಚಿಯು ಹಬ್ಬುತ್ತದೆ. ಅದು ಕೊಳೆಯುವಾಗ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ನೈಟ್ರೇಟು ಬಾವಿಗೆ ಇಳಿದರೆ ಅಪಾಯವು ಇನ್ನೂ ಹೆಚ್ಚು. ಕುಡಿಯುವ ನೀರಿನಲ್ಲಿ ಅದಕ್ಕೆ ಲೀಟರಿಗೆ 45 ಮಿಲಿಗ್ರಾಂ ಮಿತಿಯೆಂದು ಭಾರತದ ಮಾನಕವು ವಿಧಿಸಿದೆ. ಮೀರಿದ ನೀರಿನಲ್ಲಿ ಹಾಲು ಕಲಸಿ ಕುಡಿಸಿದ ಎಳೆಗೂಸುಗಳ ಮೈ ನೀಲಿಗಟ್ಟಬಹುದು. ಕಾಯಿಸಿದರೆ ನೈಟ್ರೇಟು ಹೋಗುವುದಿಲ್ಲ. ಆದಕಾರಣ ಇಂತಹ ಕೆರೆಗಳ ಕೆಳಗಣ ಗ್ರಾಮಗಳ ಮುಖಂಡರು ಕುಡಿಯುವ ಬಾವಿಗಳ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಪರೀಕ್ಷೆಗೆ ಕಳುಹಿಸತಕ್ಕದ್ದು.