ಆಟದ ಮೌಸಿನ ಆಯುಸ್ಸು

ಗಣಕಯಂತ್ರದ ಮುಂದೆ ಕುಳಿತು ಆಟವಾಡುವ ತರುಣರ ಕೈಯಲ್ಲಿರುವ ಮೌಸ್ ಎಂಬ ಪುಟ್ಟ ಉಪಕರಣವನ್ನು ವಾಚಕರೆಲ್ಲರೂ ನೋಡಿಯೇ ಇರುವರು. ಕಚೇರಿಯ ಸಾಮಾನ್ಯ ಮೌಸಿಗೂ ಇದಕ್ಕೂ ಮೇಲ್ನೋಟಕ್ಕೆ ಹೆಚ್ಚಿನ ಭೇದವಿಲ್ಲ; ಬೆಲೆಯಲ್ಲಿ ಮಾತ್ರ ಹತ್ತು ಮಡಿ ಅಂತರವಿರುವುದುಂಟು. ಅಷ್ಟು ಹಣವನ್ನು ತೆತ್ತವನು ಅದು ಬಹುಕಾಲ ಬಾಳಲಿ ಎಂದು ಬಯಸುವುದು ಸಹಜವೇ ಆಗಿದೆ.

ಕಳೆದ ಮಳೆಗಾಲದಲ್ಲಿ ನನ್ನ ಸೋದರಳಿಯನು ಇಂಥದೊಂದು ಮೌಸನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದನು. ವಿದ್ಯಾರ್ಥಿವೇತನದಲ್ಲಿ ಉಳಿಸಿ ಕೊಂಡ ವಸ್ತು ಅದು. ಹದಿನಾಲ್ಕು ತಿಂಗಳು ಚೆನ್ನಾಗಿ ನಡೆದು, ಆಮೇಲೆ ಎಡಗುಂಡಿಯನ್ನು ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತೆ ಆಗತೊಡಗಿತ್ತು. ವಾರಂಟಿ ಒಂದು ವರ್ಷಕ್ಕೇ ಮುಗಿದಿದ್ದಿತು. ಅಂಗಡಿಯವರು “ಹೊಸದು ತೆಗೆದುಕೊಳ್ಳಿ” ಎಂದಷ್ಟೆ ಹೇಳಿ ಕಳುಹಿಸಿದ್ದರು. “ಎರಡು ಕೋಟಿ ಸಲ ಒತ್ತಬಹುದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದಾರಲ್ಲ ಮಾವ, ನಾನು ಅಷ್ಟು ಒತ್ತಿದೆನೇ?” ಎಂದು ಅವನು ಕೇಳಿದನು.

ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ನಾಲ್ಕು ಗಂಟೆ ಆಟ, ನಿಮಿಷಕ್ಕೆ 40 ಒತ್ತು ಎಂದಿಟ್ಟುಕೊಂಡರೆ ದಿನಕ್ಕೆ 9,600 ಆಗುವುದು. ಹದಿನಾಲ್ಕು ತಿಂಗಳೆಂದರೆ ಸುಮಾರು 425 ದಿನ. ಒಟ್ಟು 41 ಲಕ್ಷಕ್ಕೆ ಸ್ವಲ್ಪ ಕಡಮೆ. ಎರಡು ಕೋಟಿಯಲ್ಲಿ ಇದು ಐದನೆಯ ಒಂದು ಪಾಲು ಮಾತ್ರ. ಪೆಟ್ಟಿಗೆಯ ಮಾತು ನಿಜವಾಗಿದ್ದರೆ ಆ ಗುಂಡಿ ಐದೂವರೆ ವರ್ಷಕ್ಕೂ ಮಿಕ್ಕಿ ಬಾಳಬೇಕಾಗಿದ್ದಿತು. ಹಾಗಾದರೆ ಉಳಿದ ನಾಲ್ಕು ಪಾಲು ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಹೇಳುವ ಮುನ್ನ ಮೌಸಿನ ಒಳಗನ್ನು ಅರಿಯಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಸ್ ಎಂಗಲ್‌ಬಾರ್ಟರ ಕಲ್ಪನೆಯಂತೆ ಬಿಲ್ ಇಂಗ್ಲಿಷರು 1964ರಲ್ಲಿ ನಿರ್ಮಿಸಿದ ಮೊದಲ ಮೌಸು ಮರದ ಒಂದು ಡಬ್ಬಿ. ಅದರ ಅಡಿಯಲ್ಲಿ ಎರಡು ಲೋಹದ ಚಕ್ರಗಳು, ಮೇಲೆ ಒಂದೇ ಗುಂಡಿ. ಮುಂದೆ ಚಕ್ರಗಳ ಸ್ಥಾನದಲ್ಲಿ ಉರುಳುವ ಗುಂಡು ಬಂದಿತು. ಆ ಗುಂಡು ಮೇಜಿನ ಧೂಳನ್ನೆಲ್ಲ ಒಳಕ್ಕೆ ಒಯ್ದು ಉರುಳೆಗಳಿಗೆ ಮೆತ್ತುತ್ತಿದ್ದುದನ್ನೂ, ಅದನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದುದನ್ನೂ ನಡುವಯಸ್ಸಿನ ವಾಚಕರು ಮರೆತಿರಲಾರರು. 1999ರಿಂದೀಚೆಗೆ ಗುಂಡು ಮರೆಯಾಗುತ್ತ ಬಂದು, ಮೇಜಿನ ಮೇಲ್ಮೈಯನ್ನು ಕ್ಷಣಕ್ಕೆ ಸಾವಿರಾರು ಸಲ ಚಿತ್ರ ತೆಗೆದು, ಒಂದು ಚಿತ್ರವನ್ನು ಮುಂದಿನದರೊಡನೆ ಹೋಲಿಸಿ ಚಲನೆಯನ್ನು ಅಳೆಯುವ ಬೆಳಕಿನ ಸೆನ್ಸರ್ ನೆಲೆಗೊಂಡಿತು. ಇದರಲ್ಲಿ ಚಲಿಸುವ ಅಂಗವೇ ಇಲ್ಲ. ಆದುದರಿಂದ ಇದು ಕೆಡುವುದು ಅಪರೂಪ. ಜಾಹೀರಾತುಗಳು ಅತ್ಯಂತ ಹೆಚ್ಚಾಗಿ ಹೊಗಳುವುದು ಈ ಸೆನ್ಸರನ್ನೇ ಎಂಬುದು ಸ್ವಾರಸ್ಯದ ಸಂಗತಿ. ಮೌಸಿನ ಆಯುಸ್ಸನ್ನು ನಿರ್ಣಯಿಸುವುದು ಬೇರೆಯೇ ಒಂದು ವಸ್ತು.

ಆ ವಸ್ತು ಗುಂಡಿಯ ಕೆಳಗಿರುವ ಮೈಕ್ರೊ ಸ್ವಿಚ್ಚು. ಸುಮಾರು 13 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಡಬ್ಬಿ. ಕೆಳಗೆ ಮೂರು ಲೋಹದ ಕಾಲುಗಳು, ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಮೊಳೆ. ಈ ಜಾತಿಯ ಸ್ವಿಚ್ಚನ್ನು 1932ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಫ್ರೀಪೋರ್ಟ್ ಎಂಬ ಊರಿನಲ್ಲಿ ಪೀಟರ್ ಮೆಕ್‌ಗಾಲ್ ಎಂಬವರು ಕಂಡುಹಿಡಿದರು. ಮೈಕ್ರೊವೇವ್ ಒಲೆಯ ಬಾಗಿಲಿನಲ್ಲಿಯೂ ಕಾರ್ಖಾನೆಯ ಯಂತ್ರಗಳಲ್ಲಿಯೂ ಇದರ ಬಂಧುಗಳೇ ಇವೆ.

ಇದರ ತತ್ತ್ವವನ್ನು ಅರಿಯಲು, ಹೆಣ್ಣುಮಕ್ಕಳು ಕೂದಲಿಗೆ ಹಾಕಿಕೊಳ್ಳುವ, ಒತ್ತಿದೊಡನೆ ‘ಟಿಕ್’ ಎಂದು ಮುಚ್ಚಿಕೊಳ್ಳುವ ಕ್ಲಿಪ್ಪನ್ನು ಕೈಗೆ ತೆಗೆದುಕೊಳ್ಳಿ. ಅದನ್ನು ಮೆಲ್ಲಮೆಲ್ಲನೆ ಬಾಗಿಸುತ್ತ ಹೋದರೆ ಒಂದು ಹಂತದ ವರೆಗೆ ಅದು ನಿಮ್ಮ ಬೆರಳಿಗೆ ಎದುರಾಗಿ ನಿಲ್ಲುವುದು. ಆ ಹಂತವನ್ನು ದಾಟಿದ ಕೂಡಲೇ ತಾನಾಗಿ ಆಚೆಗೆ ನೆಗೆಯುವುದು. ಆ ನೆಗೆತದ ವೇಗಕ್ಕೂ ನಿಮ್ಮ ಬೆರಳಿನ ವೇಗಕ್ಕೂ ಸಂಬಂಧವಿಲ್ಲ. ಮೈಕ್ರೊ ಸ್ವಿಚ್ಚಿನಲ್ಲಿಯೂ ತಾಮ್ರದ ಮಿಶ್ರಲೋಹದ ತೆಳುವಾದ ಹಾಳೆಯೊಂದುಂಟು. ಅದರ ನಡುವೆ ನಾಲಗೆಯಂತೆ ಕತ್ತರಿಸಿ, ಆ ನಾಲಗೆಯನ್ನು ಬಿಲ್ಲಿನಂತೆ ಬಾಗಿಸಿ, ಬಿಗಿದು ನಿಲ್ಲಿಸಿರುವರು. ಮೊಳೆಯನ್ನು ಒತ್ತಿದಾಗ ಹಾಳೆಯ ತುದಿ ಮೇಲಿನ ಸಂಪರ್ಕಬಿಂದುವನ್ನು ಬಿಟ್ಟು ಕೆಳಗಿನ ಬಿಂದುವಿಗೆ ಟಿಕ್ಕೆಂದು ಹಾರುವುದು. ಆಟಗಾರನಿಗೆ ಪ್ರಿಯವಾದ ಆ ಸದ್ದು ಇದೇ.

ಲೋಹಕ್ಕೆ ಲೋಹ ಬಡಿದಾಗ ಅದು ಪುಟಿಯದೆ ಇರದು. ಚೆಂಡು ನೆಲಕ್ಕೆ ಬಿದ್ದು ನಾಲ್ಕಾರು ಬಾರಿ ಪುಟಿದು ಸುಮ್ಮನಾಗುವಂತೆ, ಈ ತುದಿಯೂ ಒಂದೆರಡು ಮಿಲಿಸೆಕೆಂಡಿನೊಳಗೆ ಹಲವು ಬಾರಿ ಮುಟ್ಟಿ ಬಿಟ್ಟು ಮಾಡಿ ಆಮೇಲೆ ನಿಲ್ಲುವುದು. ಒಂದೊಂದು ಪುಟಿತವನ್ನೂ ಮೌಸು ಒಂದೊಂದು ಒತ್ತೆಂದು ತಿಳಿದರೆ ಕೆಲಸ ಕೆಟ್ಟಿತು. ಅದಕ್ಕಾಗಿ ಒಳಗಿನ ಚಿಪ್ಪಿಗೆ, ಮೊದಲ ಸ್ಪರ್ಶವಾದ ಬಳಿಕ ಕೆಲವು ಮಿಲಿಸೆಕೆಂಡುಗಳ ಕಾಲ ಬೇರೇನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆಂದು ಕಲಿಸಿರುತ್ತಾರೆ. ಕಚೇರಿಯ ಮೌಸಿನಲ್ಲಿ ಈ ಕಾಯುವಿಕೆ ಧಾರಾಳವಾಗಿರಬಹುದು. ಆಟದ ಮೌಸಿನಲ್ಲಿ ಹಾಗಲ್ಲ. ಎದುರಾಳಿಗಿಂತ ಒಂದು ಗಳಿಗೆ ಮುಂಚೆ ಗುಂಡು ಹಾರಿಸಬೇಕೆಂಬ ಆತುರಕ್ಕೆ ಈ ಕಾಯುವ ಅವಧಿಯನ್ನು ಕತ್ತರಿಸಿ ಕಿರಿದುಮಾಡುತ್ತಾರೆ. ಸ್ವಿಚ್ಚು ಹೊಸದಾಗಿರುವ ವರೆಗೆ ಇದರಿಂದ ತೊಂದರೆಯಿಲ್ಲ. ಅದು ಹಳತಾಗಿ ಪುಟಿತ ಹೆಚ್ಚಿದಾಗ, ಅಗ್ಗದ ಮೌಸು ಮರೆಮಾಚಬಹುದಾದ ದೋಷವನ್ನು ದುಬಾರಿಯ ಮೌಸು ಬಯಲುಮಾಡುವುದು.

ಸ್ವಿಚ್ಚು ಹಳತಾಗುವುದೆಂದರೇನು? ಲಕ್ಷಾಂತರ ಬಾರಿ ಬಾಗಿದ ಹಾಳೆ ತನ್ನ ಬಿಗುಪನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುವುದು. ಆಗ ತುದಿ ಬಿಂದುವನ್ನು ಒತ್ತಿ ಹಿಡಿಯುವ ಬಲ ಕುಂದುವುದು. ಇದು ಒಂದು ಕಾರಣ. ಇನ್ನೊಂದು ಹೆಚ್ಚು ಕುತೂಹಲಕರವಾದದ್ದು. ಸಂಪರ್ಕಬಿಂದುಗಳಿಗೆ ಬೆಳ್ಳಿಯ ಮಿಶ್ರಲೋಹವನ್ನು ಬಳಸುವುದು ರೂಢಿ. ದೇವರ ಮುಂದಿನ ಬೆಳ್ಳಿಯ ಬಟ್ಟಲು ತಿಂಗಳೊಪ್ಪತ್ತಿನಲ್ಲಿ ಕಪ್ಪಾಗುವಂತೆಯೇ ಗಾಳಿಯಲ್ಲಿನ ಗಂಧಕದ ಅಂಶದಿಂದ ಈ ಬಿಂದುಗಳ ಮೇಲೆಯೂ ತೆಳುವಾದ ಕಪ್ಪು ಪೊರೆ ಕಟ್ಟಿಕೊಳ್ಳುವುದು. ದೊಡ್ಡ ಯಂತ್ರಗಳಲ್ಲಿ ಹೆಚ್ಚಿನ ಪ್ರವಾಹ ಹರಿಯುವಾಗ ಹಾರುವ ಕಿಡಿಯೇ ಆ ಪೊರೆಯನ್ನು ಸುಟ್ಟು ಶುಚಿಮಾಡಿಬಿಡುವುದು. ಮೌಸಿನಲ್ಲಾದರೋ ಹರಿಯುವುದು ಆಂಪಿಯರಿನ ಸಾವಿರದ ಒಂದು ಪಾಲು ಅಥವಾ ಅದಕ್ಕಿಂತ ಕಡಮೆ. ಬ್ಯಾಟರಿ ಉಳಿಯಲೆಂದು ವೋಲ್ಟೇಜನ್ನೂ ಮೂರರ ಆಸುಪಾಸಿಗೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಸಿರುತ್ತಾರೆ. ಇಷ್ಟು ದುರ್ಬಲವಾದ ಪ್ರವಾಹಕ್ಕೆ ಪೊರೆಯನ್ನು ಭೇದಿಸುವ ಶಕ್ತಿ ಸಾಲದು. ಬೆರಳು ಗುಂಡಿಯನ್ನು ಒತ್ತಿಕೊಂಡೇ ಇದ್ದರೂ ಸಂಪರ್ಕ ಕ್ಷಣಮಾತ್ರ ಕಡಿದು ಮತ್ತೆ ಕೂಡುವುದು. ಯಂತ್ರ ಅದನ್ನು ‘ಬಿಟ್ಟು ಮತ್ತೆ ಒತ್ತಿದನು’ ಎಂದು ತಿಳಿಯುವುದು. ನನ್ನ ಸೋದರಳಿಯನ ಮೌಸಿಗೆ ತಗುಲಿದ್ದ ರೋಗ ಇದೇ.

ಇನ್ನು ಆ ಎರಡು ಕೋಟಿಯ ಮಾತು. ಅದು ಪೂರಾ ಸುಳ್ಳಲ್ಲ. ಆದರೆ ಅದು ಮೌಸಿನ ಆಯುಸ್ಸೂ ಅಲ್ಲ. ಅದು ಸ್ವಿಚ್ಚಿನ ಲೆಕ್ಕ. ಪರೀಕ್ಷೆಯಲ್ಲಿ ಯಂತ್ರವೊಂದು ಗೊತ್ತಾದ ಬಲದಿಂದ, ಗೊತ್ತಾದ ವೇಗದಲ್ಲಿ, ನೇರವಾಗಿ ಮೊಳೆಯ ನೆತ್ತಿಯ ಮೇಲೆ ಒತ್ತುತ್ತ ಹೋಗುವುದು. ಅಲ್ಲಿ ಬೆವರಿಲ್ಲ, ಧೂಳಿಲ್ಲ, ಮಳೆಗಾಲದ ತೇವವಿಲ್ಲ, ಸೋತ ಸಿಟ್ಟಿನಲ್ಲಿ ಗುದ್ದುವ ಮುಷ್ಟಿಯೂ ಇಲ್ಲ. ಹಾಳೆ ಮುರಿಯದೆ ಎಷ್ಟು ಸಲ ಬಾಗಿತೆಂಬುದು ಬೇರೆ, ಪ್ರತಿ ಸಲವೂ ಸಂಪರ್ಕ ಶುದ್ಧವಾಗಿತ್ತೆ ಎಂಬುದು ಬೇರೆ. ಪೆಟ್ಟಿಗೆಯ ಮೇಲಿನ ಅಂಕೆ ಇವೆರಡರಲ್ಲಿ ಯಾವುದೆಂದು ಸಾಮಾನ್ಯವಾಗಿ ಹೇಳಿರುವುದಿಲ್ಲ. ಎರಡು ಕೋಟಿ ಹೋಗಿ ಐದು ಕೋಟಿ, ಎಂಟು ಕೋಟಿ ಎಂದು ಅಚ್ಚಾದ ಪೆಟ್ಟಿಗೆಗಳೂ ಬಂದಿವೆ. ಅಂಕೆ ದೊಡ್ಡದಾದಷ್ಟು ಮೌಸು ಬಾಳುವುದೆಂದು ನಂಬುವುದು ಜಾಣತನವಲ್ಲವೆಂದೇ ನನ್ನ ಅಭಿಪ್ರಾಯ.

ಸಂಪರ್ಕಬಿಂದುಗಳಿಗೆ ಚಿನ್ನದ ಲೇಪ ಕೊಡುವುದು ಒಂದು ಪರಿಹಾರ, ಚಿನ್ನ ಕಪ್ಪಾಗದು. ಇನ್ನೊಂದು, ಲೋಹದ ಸಂಪರ್ಕವನ್ನೇ ತೆಗೆದುಹಾಕುವುದು. ರೇಜರ್ ಕಂಪೆನಿಯು 2019ರಲ್ಲಿ ಹೊರತಂದ ವೈಪರ್ ಎಂಬ ಮೌಸಿನಲ್ಲಿ ಗುಂಡಿ ಒತ್ತಿದಾಗ ಅವಗೆಂಪು ಬೆಳಕಿನ ಕಿರಣವೊಂದರ ದಾರಿ ತೆರೆದುಕೊಂಡು ಒತ್ತಿನ ಸಂಕೇತ ಹೋಗುವಂತೆ ಮಾಡಿದ್ದರು. ಬೆಳಕು ಪುಟಿಯುವುದಿಲ್ಲ, ಅದಕ್ಕೆ ತುಕ್ಕೂ ಹಿಡಿಯುವುದಿಲ್ಲ; ಕಾಯುವ ಅವಧಿಯೂ ಬೇಕಿಲ್ಲ. ಲಾಜಿಟೆಕ್ ಕಂಪೆನಿಯು 2022ರಲ್ಲಿ ಬೆಳಕನ್ನೂ ಹಳೆಯ ಟಿಕ್ಕೆನ್ನುವ ಹಾಳೆಯನ್ನೂ ಕೂಡಿಸಿದ ಸ್ವಿಚ್ಚನ್ನು ತಂದಿತು. ಹಾಳೆಯಿರುವಷ್ಟು ಕಾಲ ಅದರ ದಣಿವು ತಪ್ಪದಾದರೂ, ಒಂದು ಒತ್ತು ಎರಡಾಗುವ ರೋಗಕ್ಕೆ ಇದು ಒಳ್ಳೆಯ ಮದ್ದೆಂಬುದರಲ್ಲಿ ಸಂದೇಹವಿಲ್ಲ.

ಹೊರಮೈಯ ವಿಷಯದಲ್ಲಿ ಈಚಿನ ಕಾಲದ ದೊಡ್ಡ ಪೈಪೋಟಿ ತೂಕ ಇಳಿಸುವುದರಲ್ಲಿ. 2014ರ ಲಾಜಿಟೆಕ್ ಜಿ502 ತಂತಿಯನ್ನು ಬಿಟ್ಟು 121 ಗ್ರಾಂ ತೂಗುತ್ತಿದ್ದಿತು. ಅದು ಸಾಲದೆಂದು, ಬೇಕಾದವರು ಒಳಗೆ ಸೇರಿಸಿಕೊಳ್ಳಲು 3.6 ಗ್ರಾಮಿನ ಐದು ತೂಕದ ತುಂಡುಗಳನ್ನೂ ಜೊತೆಗೆ ಕೊಟ್ಟಿದ್ದರು! ಆರು ವರ್ಷ ಕಳೆದು 2020ರಲ್ಲಿ ಅದೇ ಕಂಪೆನಿಯ ಸೂಪರ್‌ಲೈಟ್ ಎಂಬ ತಂತಿರಹಿತ ಮೌಸು 63 ಗ್ರಾಮಿಗೂ ಕಡಮೆಯಾಯಿತು. ನಡುವೆ 2019ರಲ್ಲಿ ಜೇನುಹುಟ್ಟಿನಂತೆ ಮೈತುಂಬ ತೂತುಗಳಿರುವ ಗ್ಲೋರಿಯಸ್ ಮಾಡೆಲ್ ಓ ಬಂದಿತ್ತು. ಗೋಡೆಯ ದಪ್ಪವನ್ನು ಅರ್ಧಮಾಡಿದರೆ ಬಾಗುವಿಕೆಗೆ ಅದು ಒಡ್ಡುವ ಪ್ರತಿರೋಧ ಎಂಟನೆಯ ಒಂದು ಪಾಲಿಗೆ ಇಳಿಯುವುದೆಂಬುದು ಯಂತ್ರಶಾಸ್ತ್ರದ ನಿಯಮ. ಒಳಗೆ ಪಕ್ಕೆಲುಬುಗಳಂತೆ ಏಣುಗಳನ್ನು ಕೊಟ್ಟು ಈ ನಷ್ಟವನ್ನು ತುಂಬಿಕೊಳ್ಳಬೇಕು. ಅದನ್ನು ಸರಿಯಾಗಿ ಮಾಡಿರುವರೋ ಇಲ್ಲವೋ ತಿಳಿಯಲು ಅಂಗಡಿಯಲ್ಲಿ ಮೌಸಿನ ಎರಡು ಪಕ್ಕಗಳನ್ನು ಹೆಬ್ಬೆರಳು ಕಿರುಬೆರಳುಗಳ ನಡುವೆ ಹಿಡಿದು ಅದುಮಿ ನೋಡಿ. ಕಿರುಗುಟ್ಟಿದರೆ, ಅಥವಾ ಪಕ್ಕವನ್ನು ಅದುಮಿದಾಗ ಗುಂಡಿ ತಾನಾಗಿ ಒತ್ತಿಕೊಂಡರೆ, ಕೆಳಗಿಡಿ. ಹಗುರವಾಗಿರುವುದರಿಂದಲೇ ಅದು ಕಳಪೆಯೆಂದು ಮಾತ್ರ ತಿಳಿಯಬಾರದು. ಭಾರವಾದ ಎಷ್ಟೋ ಮೌಸುಗಳೂ ಕಿರುಗುಟ್ಟುತ್ತವೆ.

ಪಕ್ಕಗಳಿಗೆ ಬಳಿಯುವ ಮೆತ್ತನೆಯ ರಬ್ಬರಿನಂಥ ಲೇಪವನ್ನು ಕಂಡು ಮರುಳಾಗುವುದು ಬೇಡ. ಅದರಲ್ಲಿ ಬಹುಪಾಲು ಪಾಲಿಯುರಿಥೇನ್ ಜಾತಿಯದು; ತೇವಾಂಶ ಅದರ ಅಣುಸರಪಳಿಗಳನ್ನು ಕಡಿಯುತ್ತ ಹೋಗಿ, ಕೆಲವು ವರ್ಷಗಳಲ್ಲಿ ಬೆಲ್ಲದ ಪಾಕದಂತೆ ಕೈಗೆ ಅಂಟತೊಡಗುವುದು. ಕರಾವಳಿಯವರಿಗೆ ಬರಿಯ ಪ್ಲಾಸ್ಟಿಕ್ಕಿನ ಮೈಯೇ ಲೇಸು. ಉರುಳುಚಕ್ರದಲ್ಲಿ ಲೋಹದ ಕಡ್ಡಿಗಳು ಉಜ್ಜುವ ಬಗೆಯದು ಸವೆದು, ಮೇಲಕ್ಕೆ ಉರುಳಿಸಿದರೆ ಪುಟ ಕೆಳಕ್ಕೆ ಜಿಗಿಯುವುದುಂಟು. ಬೆಳಕಿನದು ಹೆಚ್ಚು ಬಾಳುವುದು. ತಂತಿ ಮುರಿಯುವುದು ಸಾಮಾನ್ಯವಾಗಿ ಮೌಸಿನಿಂದ ಹೊರಬೀಳುವ ಕೊರಳಿನಲ್ಲಿ. ತಂತಿರಹಿತವಾದರೆ ಆ ಚಿಂತೆಯಿಲ್ಲ, ಬದಲಿಗೆ ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ಸೊರಗುವ ಲಿಥಿಯಂ ಬ್ಯಾಟರಿಯ ಚಿಂತೆ.

ಸೋದರಳಿಯನ ಮೌಸನ್ನು ನಾವಿಬ್ಬರೂ ಒಂದು ಭಾನುವಾರ ಬಿಚ್ಚಿದೆವು. ತಿರುಪುಗಳು ಕಾಣಲೇ ಇಲ್ಲ. ಅಡಿಯಲ್ಲಿ ಅಂಟಿಸಿದ ಟೆಫ್ಲಾನ್ ಪಾದಗಳ ಕೆಳಗೆ ಅಡಗಿದ್ದವು. ಪಾದಗಳನ್ನು ಎಬ್ಬಿಸಿದರೆ ಅವು ಸುಕ್ಕಾಗಿ ಹಾಳಾಗುವುವು. ದುರಸ್ತಿಗೆ ಅಡ್ಡಿಯಾಗುವ ಇಂಥ ಕಟ್ಟಡವನ್ನು, ಎಷ್ಟೇ ಗಟ್ಟಿಯಾಗಿದ್ದರೂ, ಒಳ್ಳೆಯ ಕಟ್ಟಡವೆನ್ನಲು ನನಗೆ ಮನಸ್ಸಿಲ್ಲ. ಆಟದ ಮೌಸುಗಳಲ್ಲಿ ಬಹುಪಾಲು ಸ್ವಿಚ್ಚುಗಳ ಅಳತೆ ಒಂದೇ ಆಗಿರುವುದು ನಮ್ಮ ಅದೃಷ್ಟ. ಬಜಾರಿನಲ್ಲಿ ಬಿಡಿಯಾಗಿ ತಂದ ಸ್ವಿಚ್ಚನ್ನು, ಹಳೆಯದರ ಮೂರು ಕಾಲುಗಳ ಬೆಸುಗೆಯನ್ನು ಕರಗಿಸಿ ತೆಗೆದು, ಮೊಳೆ ಮುಂಭಾಗಕ್ಕೆ ಬರುವಂತೆ ಕೂಡಿಸಿ ಬೆಸೆದೆವು. ಕಿತ್ತ ಸ್ವಿಚ್ಚಿನ ಮುಚ್ಚಳವನ್ನು ಬ್ಲೇಡಿನಿಂದ ಎಬ್ಬಿಸಿ ಭೂತಗನ್ನಡಿಯಲ್ಲಿ ನೋಡಿದಾಗ ಕೆಳಗಿನ ಬಿಂದುವಿನ ಮೇಲೆ ಎಳ್ಳಿಗಿಂತ ಚಿಕ್ಕದಾದ ಒಂದು ಕಪ್ಪು ಕಲೆ ಕಂಡಿತು. ಹಾಳೆ ಮುರಿದಿರಲಿಲ್ಲ.

ಹೀಗೆ ಮಾಡಬಯಸುವವರಿಗೆ ಒಂದು ಸೂಚನೆ. ಹೊದಿಕೆಯನ್ನು ಮುಚ್ಚಿ ಪಾದಗಳನ್ನು ಅಂಟಿಸುವ ಮುನ್ನವೇ ತಂತಿ ಜೋಡಿಸಿ ಗುಂಡಿಯನ್ನು ಒತ್ತಿ ಪರೀಕ್ಷಿಸಬೇಕು. ನಾವು ಪರೀಕ್ಷಿಸಲಿಲ್ಲ; ಒಂದು ಕಾಲಿನ ಬೆಸುಗೆ ಹಿಡಿದಿರಲಿಲ್ಲ. ಹೊಸದಾಗಿ ಅಂಟಿಸಿದ ಪಾದಗಳನ್ನು ಕಿತ್ತು ಎರಡನೆಯ ಜೊತೆಯನ್ನು ಕೊಳ್ಳಬೇಕಾಯಿತು.