ಅವಳ ಫೋನ್ ಬರುವ ತನಕ

ಹುಲಿಗಿಯ ತಾಯಿಯೊಬ್ಬರು ಬರೆದಿದ್ದಾರೆ: ಮಗಳು ಕಲಬುರಗಿಯಲ್ಲಿ ಪೈಲಟ್ ತರಬೇತಿಗೆ ಸೇರಿದ್ದಾಳೆ. ಬೆಳಗಾವಿಯ ಹೊಲದಲ್ಲಿ ಇಳಿದ ತರಬೇತಿ ವಿಮಾನದ ಹಳೆಯ ವಿಡಿಯೊ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ‘ಬಿಟ್ಟು ಬಾ’ ಅನ್ನಲೇ?

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಿಣಿಗೇರಾ ಕಡೆ ವಿಮಾನದ ಸದ್ದಾದರೆ ರೊಟ್ಟಿ ಬಡಿಯುವ ಕೈ ನಿಂತುಬಿಡುತ್ತದೆ, ಹಂಚಿನ ಮೇಲಿನದು ಸೀದ ವಾಸನೆ ಬಂದಾಗಲೇ ಎಚ್ಚರ ಎಂದಿದ್ದೀರಿ. ಇದು ಹೇಡಿತನವಲ್ಲ. ಹೆತ್ತವರ ಜೀವ ಹಾಗೆ ಅಂಗೈಯಲ್ಲೇ ಇರುತ್ತದೆ. ‘ಹೆಣ್ಣುಹುಡುಗಿಗೆ ಯಾಕ ಬೇಕಿತ್ತು’ ಎಂಬ ನೆಂಟರ ಮಾತು ಆ ಭಯದ ಮೇಲೆ ಇನ್ನೊಂದು ಕಲ್ಲು ಹೇರಿದೆ.

ಅಪಾಯವೇ ಇಲ್ಲ ಎಂದು ನಾನು ಹೇಳಲಾರೆ. 2019ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಪ್ರದರ್ಶನದ ತಾಲೀಮಿನ ವೇಳೆ ವಾಯುಪಡೆಯ ಸೂರ್ಯಕಿರಣ ತಂಡದ ಎರಡು ವಿಮಾನ ಡಿಕ್ಕಿಯಾಗಿ ಪೈಲಟ್ ಒಬ್ಬರು ತೀರಿಕೊಂಡರು. ಆದರೆ ನಿಮ್ಮ ಕಣ್ಣಿಗೆ ಕಟ್ಟಿರುವ ವಿಡಿಯೊದ ಕಥೆ ಬೇರೆ. 2023ರ ಮೇ 30ರಂದು ಆ ಹೊಲದಲ್ಲಿ ಇಳಿದ ಇಬ್ಬರಿಗೂ ಆದದ್ದು ಸಣ್ಣಪುಟ್ಟ ಗಾಯ. ಎರಡೇ ದಿನಕ್ಕೆ, ಜೂನ್ 1ರಂದು, ಚಾಮರಾಜನಗರದ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ನೆಲಕ್ಕಪ್ಪಳಿಸಿತು. ಪೈಲಟ್‌ಗಳಿಬ್ಬರೂ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಅವರಲ್ಲಿ ಒಬ್ಬರು ಹೆಣ್ಣುಮಗಳು. ಮೊಬೈಲು ಮುರಿದ ವಿಮಾನವನ್ನು ಹತ್ತು ಸಲ ತೋರಿಸುತ್ತದೆ, ಎದ್ದು ಬಂದವರನ್ನು ತೋರಿಸುವುದು ಕಡಿಮೆ.

ಬದುಕಿದ್ದು ಬರೀ ಅದೃಷ್ಟದಿಂದಲ್ಲ. ಕಲಿಸುವ ವಿಮಾನದಲ್ಲಿ ಗುರುಗಳ ಮುಂದೆಯೂ ಒಂದು ಜೊತೆ ಹಿಡಿಕೆ, ಪೆಡಲ್ ಇರುತ್ತವೆ. ಹಾರುತ್ತಿರುವಾಗಲೇ ಅವರು ಎಂಜಿನ್ನಿನ ಶಕ್ತಿ ತಗ್ಗಿಸಿ, ‘ಎಂಜಿನ್ ಹೋಯಿತು, ಎಲ್ಲಿ ಇಳಿಸುತ್ತೀ?’ ಎಂದು ಕೇಳುತ್ತಾರೆ. ಎಂಜಿನ್ ನಿಂತರೂ ಚಿಕ್ಕ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಸೆಸ್ನಾ 172 ಸಾವಿರ ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿಲೊಮೀಟರ್ ತೇಲಿಕೊಂಡು ಹೋಗಬಲ್ಲದು. ಅಷ್ಟರೊಳಗೆ ಗಾಳಿ ಯಾವ ಕಡೆ, ಕರೆಂಟ್ ತಂತಿ ಎಲ್ಲಿ, ಯಾವ ಹೊಲ ಸಮತಟ್ಟು ಎಂದು ನೋಡಬೇಕು. ಕಮರ್ಷಿಯಲ್ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳ ಹಾರಾಟದಲ್ಲಿ ನಿಮ್ಮ ಮಗಳು ಇದನ್ನೂ ರೂಢಿಸಿಕೊಳ್ಳುತ್ತಾಳೆ.

ಆ ಹೊತ್ತಿನಲ್ಲಿ ಅವಳ ತಲೆ ತಿಳಿಯಾಗಿರಬೇಕು. ಹಾರುವ ಮುಂಚೆ ನೀವು ಫೋನಿನಲ್ಲಿ ಅತ್ತರೆ ಆ ಅಳು ಅವಳ ಜೊತೆಗೇ ಮೇಲೇರುತ್ತದೆ. ಭಯವನ್ನು ಮುಚ್ಚಿಡಿ ಎನ್ನುತ್ತಿಲ್ಲ. ಹಾರಾಟ ಇಲ್ಲದ ದಿನ ಸಂಜೆ ಹೇಳಿ. ‘ಬಿಟ್ಟು ಬಾ’ ಎನ್ನುವ ಬದಲು ‘ಎಂಜಿನ್ ನಿಂತ್ರ ಏನ್ ಮಾಡ್ತಿ, ನನಗೂ ಹೇಳು’ ಎಂದು ಕೇಳಿ. ಅವಳಲ್ಲೂ ಅಂಜಿಕೆ ಇದ್ದರೆ ಆಗ ಹೊರಬಂದೀತು. ಇನ್ನೊಂದು ಮಾತನ್ನು ಮರೆಯದೆ ಹೇಳಿ: ವಿಮಾನದಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ‘ಇವತ್ತು ಹಾರೋದಿಲ್ಲ’ ಎನ್ನಲು ಹಿಂಜರಿಯಬೇಡ, ನಾವಿದ್ದೇವೆ ಎಂದು. ಸಾಲ ಮಾಡಿ ಕಳಿಸಿದ್ದಾರೆ ಎಂಬ ಭಾರ ಅವಳ ಬಾಯಿ ಕಟ್ಟಬಾರದು. ಇದು ಮಕ್ಕಳನ್ನು ಇಂಥ ಓದಿಗೆ ಕಳಿಸಿದ ಎಲ್ಲ ಮನೆಯವರಿಗೂ ಹೇಳುವ ಮಾತು.

ಇಳಿದ ಮೇಲೆ ‘ಇಳಿದೆ’ ಎಂದು ಒಂದು ಮೆಸೇಜ್ ಹಾಕಲು ಒಪ್ಪಿಸಿ. ಮೋಡ, ಗಾಳಿಯಿಂದಾಗಿ ಹಾರಾಟ ತಡವಾಗುವುದು ದಿನನಿತ್ಯದ ಸಂಗತಿ. ತಡವಾಯಿತೆಂದರೆ ಕೆಟ್ಟದ್ದಾಯಿತು ಎಂದಲ್ಲ. ಆ ವಿಡಿಯೊ ಅಳಿಸಿಬಿಡಿ. ಹುಲಿಗೆಮ್ಮನಿಗೆ ದೀಡ ನಮಸ್ಕಾರದ ಹರಕೆ ಹೊತ್ತಿದ್ದೀರಲ್ಲ, ಖಂಡಿತ ತೀರಿಸಿ.

ಇಷ್ಟಾದರೂ ಎರಡು ವಾರ ಕಳೆದು ನಿದ್ದೆ, ಊಟ ಸರಿಹೋಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಹೋಗುವಾಗ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ. ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲಿದೆ: ‘ಅವರು ಏನೂ ಮಾತಾಡೋದಿಲ್ಲ, ರಾತ್ರಿ ಎದ್ದು ಅಂಗಳದಾಗ ಕುಂದರತಾರ.’