ನಂಬಿಕೆಯೇ ಒತ್ತೆ

ಬಿತ್ತನೆ ಕಾಲ ಬಂತು. ಬೀಜಕ್ಕೆ ರೊಕ್ಕ ಬೇಕು. ಎಲ್ಲಿಂದ ತರೋಣ?

ಹಿಂದೆ ನಮ್ಮ ಭಾಲ್ಕಿ ಕಡೆಯ ಬಹಳ ಹೆಂಗಸರಿಗೆ ಗೊತ್ತಿದ್ದ ದಾರಿ ಸಾವುಕಾರನ ಮನೆ. ಅಲ್ಲಿ ಒಡವೆ ಒತ್ತೆ ಇಡಬೇಕು. ಬಡ್ಡಿಯೂ ಹೆಚ್ಚು. ಬ್ಯಾಂಕಿಗೆ ಹೋದರೆ, "ಹೊಲ ನಿಮ್ಮ ಹೆಸರಿಗೆ ಐತೇನ್ರೀ?" ಎಂಬ ಪ್ರಶ್ನೆ. ಹೊಲ ಗಂಡನ ಹೆಸರಿಗೆ. ಬರಿಗೈಲಿ ಮನೆಗೆ ಬರಬೇಕು.

1992ರಲ್ಲಿ ಒಂದು ಹೊಸ ವಿಚಾರ ಬಂತು. ನಬಾರ್ಡ್ ಎಂಬ ದೊಡ್ಡ ಬ್ಯಾಂಕು ದೇಶದಲ್ಲಿ 500 ಸ್ವಸಹಾಯ ಗುಂಪುಗಳಿಗೆ ಸಾಲ ಕೊಡಿಸುವ ಪ್ರಯೋಗ ಶುರು ಮಾಡಿತು. ಒಡವೆ ಬೇಡ, ಹೊಲ ಬೇಡ. ಗುಂಪಿನ ಉಳಿತಾಯ ನೋಡಿ ಸಾಲ. ಗುಂಪಿನ ನಂಬಿಕೆಯೇ ಒತ್ತೆ.

ವಿಚಾರ ಇದ್ದರೆ ಸಾಲದು. ಅದನ್ನು ನಡೆಸುವ ಮುಂದಾಳು ಬೇಕು. ನಮ್ಮ ಬೀದರ ಜಿಲ್ಲೆಯಲ್ಲಿ ಡಿ.ಸಿ.ಸಿ. ಬ್ಯಾಂಕು ಇದೆ. ಇದು ಸಹಕಾರಿ ಬ್ಯಾಂಕು. ಗುರುಪಾದಪ್ಪ ನಾಗಮಾರಪಳ್ಳಿ ಅವರು ಇದರ ಅಧ್ಯಕ್ಷರಾಗಿದ್ದರು. 1990ರ ದಶಕದಲ್ಲಿ ಈ ಬ್ಯಾಂಕು ಹೊಸ ವಿಚಾರವನ್ನು ಕೈಗೆ ಎತ್ತಿಕೊಂಡಿತು. ರೈತರಿಗೆ ಸಾಲ ಕೊಡುವ ಊರಿನ ಸಹಕಾರ ಸಂಘಗಳ ಮೂಲಕವೇ ಹೆಂಗಸರ ಗುಂಪು ಕಟ್ಟಿಸಿತು. ಬ್ಯಾಂಕು ನಮ್ಮ ಊರಿಗೇ ಬಂದಂತಾಯಿತು.

"ಬಡವರು ಸಾಲ ತೀರಿಸ್ತಾರಾ?" ಎಂದು ಅನುಮಾನ ಪಡುವವರು ಎಲ್ಲ ಕಡೆ ಇರುತ್ತಾರೆ. ಆದರೆ ಗುಂಪುಗಳು ಸಾಲ ತೀರಿಸಿದವು. ಯಾಕೆ? ಒಬ್ಬಳಿಗೆ ಕಷ್ಟ ಬಂದರೆ ಉಳಿದವರು ವಿಚಾರಿಸುತ್ತಾರೆ, ಕೈ ಹಿಡಿಯುತ್ತಾರೆ. ಬ್ಯಾಂಕಿಗೂ ಲಾಭವಾಯಿತು. ಹೊಸ ಉಳಿತಾಯ ಬಂತು, ಹೊಸ ಗಿರಾಕಿಗಳು ಬಂದರು. ಗುಂಪೂ ಬೆಳೆಯಿತು, ಬ್ಯಾಂಕೂ ಬೆಳೆಯಿತು.

ಅಕ್ಕಂದಿರೇ, ಮುಂದಾಳು ಅಂದರೆ ದೊಡ್ಡ ಕುರ್ಚಿಯವರು ಮಾತ್ರ ಅಲ್ಲ. ನಮ್ಮ ಗುಂಪಿಗೂ ಮುಂದಾಳು ಬೇಕು. "ಹಪ್ಪಳ ಬಿಡಿಯಾಗಿ ಯಾಕೆ ಮಾರಬೇಕು? ಪಾಕೀಟು ಮಾಡೋಣ, ತೂಕ, ಬೆಲೆ ಬರೆಯೋಣ" ಎಂದು ಹೇಳುವವಳೇ ಮುಂದಾಳು. ಹೊಸದನ್ನು ಯೋಚಿಸಬೇಕು, ಎಲ್ಲರನ್ನೂ ಕೇಳಬೇಕು. ಲೆಕ್ಕವನ್ನು ಎಲ್ಲರ ಮುಂದೆ ಓದಬೇಕು. ಲೆಕ್ಕ ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ. ನಂಬಿಕೆ ಹೋದರೆ ಒತ್ತೆಯೇ ಹೋದಂತೆ.

ಅದಕ್ಕೇ ನಾವು ಓದು ಕಲಿಯುತ್ತಿದ್ದೇವೆ. ಹೆಬ್ಬೆಟ್ಟು ಒತ್ತುವುದು ಬೇಡ. ಓದೋಣ, ತಿಳಿಯೋಣ, ಆಮೇಲೆ ಸಹಿ ಹಾಕೋಣ.

ಲೆಕ್ಕ ಮಾಡೋಣ
ಗುಂಪಿನಲ್ಲಿ 15 ಮಂದಿ. ಒಬ್ಬೊಬ್ಬರು ವಾರಕ್ಕೆ 10 ರೂಪಾಯಿ ಕಟ್ಟುತ್ತಾರೆ.
ಒಂದು ವಾರಕ್ಕೆ: 15 × 10 = 150 ರೂಪಾಯಿ.
52 ವಾರಕ್ಕೆ: 150 × 52 = ........ ರೂಪಾಯಿ.

ಮಾತಾಡೋಣ
1. ಗುಂಪಿಗೆ ಒಡವೆ ಇಲ್ಲದೆ ಸಾಲ ಹೇಗೆ ಸಿಕ್ಕಿತು?
2. ಹೆಂಗಸರಿಗೆ ಸಾಲ ಕೊಟ್ಟು ಬ್ಯಾಂಕು ಹೇಗೆ ಬೆಳೆಯಿತು?
3. ನಮ್ಮ ಊರಿನಲ್ಲಿ ಯಾವ ಹೊಸ ಕಸುಬು ಮಾಡಬಹುದು?

ಓದಿ, ಬರೆಯಿರಿ
ನಂಬಿಕೆ, ಉಳಿತಾಯ, ಗುಂಪು, ಲೆಕ್ಕ, ಮುಂದಾಳು